ಜಾತ್ರೆಯ ಪೀಪಿಗೆ ಗಣಕದಲ್ಲೊಂದು ಕೀಲಿಮಣೆ

ಯಾದಗಿರಿ: ಮಕರ ಸಂಕ್ರಮಣಕ್ಕೆ ಮೈಲಾಪುರದಲ್ಲಿ ಮಲ್ಲಯ್ಯನ ಜಾತ್ರೆ. ಶಹಾಪುರದಲ್ಲಿ ಚರಬಸವೇಶ್ವರರ ಜಾತ್ರೆ. ಸುರಪುರದಲ್ಲಿ ವೇಣುಗೋಪಾಲಸ್ವಾಮಿಯ ಹಾಲೋಕುಳಿ. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಜಾತ್ರೆ. ದೈವಗಳು ಬೇರೆ, ತಿಥಿಗಳು ಬೇರೆ. ಆದರೆ ಜಾತ್ರೆ ಮುಗಿಸಿ ಊರಿಗೆ ಮರಳುವ ಮಕ್ಕಳ ಕೈಯಲ್ಲಿ ಇರುವುದು ಮಾತ್ರ ಒಂದೇ: ಒಂದು ಪೀಪಿ, ಇಲ್ಲವೇ ಗಿಲಕಿ, ಇಲ್ಲವೇ ಕಾಗದ ಬಿಗಿದ ಪುಟ್ಟ ಡಮರು.

ಆ ದನಿಯ ಆಯುಷ್ಯ ಹೆಚ್ಚೆಂದರೆ ಎರಡು ದಿನ. ಮೂರನೆಯ ದಿನ ಪೀಪಿಯ ನಾಲಗೆ ಸಡಿಲಗೊಳ್ಳುತ್ತದೆ, ಡಮರಿನ ಕಾಗದ ಹರಿಯುತ್ತದೆ. ಮನೆಯ ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಮುಂದಿನ ಜಾತ್ರೆಯವರೆಗೆ ಆ ಸದ್ದು ಮತ್ತೆ ಕೇಳಿಬರುವುದಿಲ್ಲ.

ಕನ್ನಡದ ಮಕ್ಕಳಿಗೆ ಈ ವ್ಯಥೆ ಹೊಸದೇನಲ್ಲ. ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ಪದ್ಯವನ್ನು ಕಲಿಯದೆ ಶಾಲೆ ದಾಟಿದವರು ವಿರಳ. ಕಾಸು ಕೊಟ್ಟು ಕೊಂಡ ತಗಡಿನ ತುತ್ತೂರಿ ನೀರಿಗೆ ಜಾರಿ ಸ್ವರ ಕಳೆದುಕೊಂಡ ಕಥೆಯದು. ಆಟಿಕೆಯ ವಾದ್ಯ ಎಷ್ಟು ಅಲ್ಪಾಯು ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಹೀಗೆ ಕೆಟ್ಟು ಹೋಗುವ ಆಟಿಕೆಯ ದನಿಯನ್ನು ಕೆಡುವ ಮುನ್ನವೇ ಹಿಡಿದಿಟ್ಟು, ಅದರಿಂದಲೇ ಹಾಡು ಕಟ್ಟುವ ತಂತ್ರವೊಂದು ಸಂಗೀತಲೋಕದಲ್ಲಿ ಈಗ ಸಾಮಾನ್ಯವಾಗಿದೆ. ಅದರ ಹೆಸರು ಸ್ಯಾಂಪ್ಲಿಂಗ್. ಹಿಡಿದಿಟ್ಟ ದನಿಗಳನ್ನು ಗಣಕದ ಕೀಲಿಮಣೆಗೆ ಹೊಂದಿಸಿ ನುಡಿಸಲು ನೆರವಾಗುವ ಕಿರು ತಂತ್ರಾಂಶವೇ ಪ್ಲಗ್‌ಇನ್. ಆಟಿಕೆ ವಾದ್ಯಗಳ ಇಂತಹ ಸಂಗ್ರಹಗಳು ಮಾರುಕಟ್ಟೆಯಲ್ಲಿ ಹಲವಾರಿವೆ. ಫ್ರಾನ್ಸ್‌ನ ಯುವಿಐ ಸಂಸ್ಥೆಯ 'ಟಾಯ್ ಸೂಟ್' ಅವುಗಳಲ್ಲಿ ಹೆಸರಾದುದು. ಆಟಿಕೆ ಪಿಯಾನೊ, ಸಂಗೀತ ಪೆಟ್ಟಿಗೆ, ಪುಟ್ಟ ಲೋಹಪಟ್ಟಿಗಳ ವಾದ್ಯ ಮುಂತಾದವು ಇಂತಹ ಸಂಗ್ರಹಗಳಲ್ಲಿ ಪ್ರಧಾನ. ಅಂದರೆ ಅಲ್ಲಿ ಉಳಿದುಕೊಂಡಿರುವುದು ಬಹುಮಟ್ಟಿಗೆ ಯುರೋಪ್ ಹಾಗೂ ಅಮೆರಿಕದ ಮಕ್ಕಳ ಕೋಣೆಯ ದನಿ.

ಹಾಗಾದರೆ ಮೈಲಾಪುರದ ಪೀಪಿಯ ಗತಿಯೇನು? ಅದನ್ನು ಉಳಿಸಿಕೊಳ್ಳಲು ದುಬಾರಿ ಸ್ಟುಡಿಯೊ ಬೇಕಿಲ್ಲ. ಒಂದು ಮೊಬೈಲ್ ಫೋನ್, ಸಾಧಾರಣ ಗಣಕಯಂತ್ರ, ಉಚಿತವಾಗಿ ದೊರೆಯುವ ಎರಡು ತಂತ್ರಾಂಶಗಳು ಮತ್ತು ಒಂದಿಷ್ಟು ತಾಳ್ಮೆ ಸಾಕು.

ಆಟಿಕೆಯ ದನಿ ಏಕೆ ಬೇರೆ?

ಆಟಿಕೆ ವಾದ್ಯವೆಂದರೆ ದೊಡ್ಡ ವಾದ್ಯದ ಚಿಕ್ಕ ರೂಪವೆಂಬುದು ಸಾಮಾನ್ಯ ತಿಳಿವಳಿಕೆ. ಆಕಾರದ ಮಟ್ಟಿಗೆ ಅದು ನಿಜ. ಮೈಲಾರಲಿಂಗನ ಪರಂಪರೆಯ ಗೊರವರ ಕೈಯ ಡಮರನ್ನು ನೋಡಿಯೇ ಮಕ್ಕಳ ಡಮರು ರೂಪುಗೊಂಡಿರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ದನಿಯ ಮಟ್ಟಿಗೆ ಎರಡೂ ಬೇರೆಬೇರೆ ಜೀವಿಗಳು.

ಆಟಿಕೆ ಪಿಯಾನೊವನ್ನೇ ನೋಡಬಹುದು. ಜರ್ಮನಿಯಿಂದ ವಲಸೆ ಹೋಗಿದ್ದ ಆಲ್ಬರ್ಟ್ ಶೋನ್‌ಹಟ್ 1872ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದರ ತಯಾರಿಕೆಗೆ ಸಂಸ್ಥೆ ಕಟ್ಟಿದರು. ದೊಡ್ಡ ಪಿಯಾನೊದಲ್ಲಿ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಆಟಿಕೆಯಲ್ಲಿ ಅದು ಬಡಿಯುವುದು ಒಂದು ತುದಿಯಲ್ಲಿ ಬಿಗಿದ ಲೋಹದ ಸರಳನ್ನು. ತಂತಿಯ ಮೇಲ್ಸ್ವರಗಳು ಮೂಲಸ್ವರದ 2, 3, 4 ಪಟ್ಟು ಕಂಪನಾಂಕದಲ್ಲಿ ಅಚ್ಚುಕಟ್ಟಾಗಿ ಏರುತ್ತವೆ. ಒಂದು ತುದಿ ಬಿಗಿದ ಸರಳಿನಲ್ಲಾದರೋ ಎರಡನೆಯ ಕಂಪನವೇ ಮೂಲದ ಸುಮಾರು 6.27 ಪಟ್ಟು. ಈ ಹೊಂದದ ಲೆಕ್ಕದಿಂದಲೇ ಆ ದನಿಗೆ ಗಂಟೆಯ ಛಾಯೆ, ಕೊಂಚ ಅಪಶ್ರುತಿಯ ಛಾಯೆ ಎರಡೂ ಬಂದಿವೆ. ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ 1948ರಲ್ಲಿ ಆಟಿಕೆ ಪಿಯಾನೊಗೆಂದೇ ಕೃತಿ ರಚಿಸಿದಾಗ ಅವರನ್ನು ಸೆಳೆದದ್ದು ದೊಡ್ಡ ಪಿಯಾನೊದಲ್ಲಿ ಸಿಗದ ದನಿಯೇ.

ನಮ್ಮ ಜಾತ್ರೆಯ ಆಟಿಕೆಗಳಿಗೂ ಇಂತಹದೇ ಗುಣಗಳಿವೆ. ಪೀಪಿಯೊಳಗೆ ತೆಳುವಾದ ನಾಲಗೆಯೊಂದು ಗಾಳಿಯ ಹಾದಿಯನ್ನು ಕ್ಷಣಕ್ಕೆ ನೂರಾರು ಬಾರಿ ಮುಚ್ಚಿ ತೆರೆಯುತ್ತದೆ. ಬಲೂನು ಕಟ್ಟಿದ ಪೀಪಿಯಾದರೆ ಗಾಳಿ ತಗ್ಗಿದಂತೆ ಶ್ರುತಿಯೂ ಅಲುಗಾಡಿ, ಕೊನೆಗೆ ನರಳಿ ನಿಲ್ಲುತ್ತದೆ. ಮಣ್ಣಿನ ಸೀಟಿಯಲ್ಲಿ ಮಡಕೆಯಂತಹ ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಜಿಗಿದು ಸ್ವರ ಕೊಡುತ್ತದೆ. ಗಿಲಕಿಗೆ ಸ್ವರವೇ ಇಲ್ಲ; ಒಳಗಿನ ಕಾಳು-ಹರಳುಗಳು ಗೋಡೆಗೆ ಬಡಿಯುವ ನೂರಾರು ಕಿರು ಸದ್ದುಗಳ ಗುಂಪು ಅದು. ಸಿಂಧೂ ಕಣಿವೆಯ ಉತ್ಖನನಗಳಲ್ಲಿ ಮಣ್ಣಿನ ಗಿಲಕಿಗಳೂ ಹಕ್ಕಿಯಾಕಾರದ ಸೀಟಿಗಳೂ ದೊರೆತಿವೆ ಎಂಬುದನ್ನು ನೆನೆದರೆ, ಈ ಸದ್ದು ಮಕ್ಕಳ ಕಿವಿಗೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ.

ದನಿ ಅಂಕಿಯಾಗುವ ಬಗೆ

ದನಿಯೆಂದರೆ ಗಾಳಿಯ ಅಲೆ. ಮೈಕ್ ಆ ಅಲೆಯನ್ನು ವಿದ್ಯುತ್ತಿನ ಏರಿಳಿತವಾಗಿ ಬದಲಿಸುತ್ತದೆ. ಗಣಕ ಆ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಸಿ.ಡಿ.ಗಳ ಕಾಲದಿಂದ ರೂಢಿಯಲ್ಲಿರುವ ಪ್ರಮಾಣವಿದು. ಅಳತೆಯ ವೇಗದ ಅರ್ಧದಷ್ಟು ಕಂಪನಾಂಕದವರೆಗಿನ ದನಿಯನ್ನು ಹೀಗೆ ಹಿಡಿಯಬಹುದು. ಮನುಷ್ಯರ ಕಿವಿಯ ಮೇಲ್ಮಿತಿ ಸುಮಾರು 20,000 ಹರ್ಟ್ಸ್ ಆಗಿರುವುದರಿಂದ ಅಷ್ಟು ಸಾಕು. ಪ್ರತಿ ಅಳತೆಗೆ 16 ಬಿಟ್ ಬಳಸಿದರೆ ದನಿಯ ಎತ್ತರ-ತಗ್ಗನ್ನು 65,536 ಮೆಟ್ಟಿಲುಗಳಲ್ಲಿ ಗುರುತಿಸಬಹುದು.

ಈ ತಂತ್ರಕ್ಕೆ ದೀರ್ಘ ಇತಿಹಾಸವಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೋಟ್ರಾನ್ ಎಂಬ ವಾದ್ಯದಲ್ಲಿ ಪ್ರತಿ ಕೀಲಿಯ ಕೆಳಗೂ ಧ್ವನಿಮುದ್ರಿತ ಟೇಪಿನ ತುಂಡೊಂದಿತ್ತು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಟೇಪಿನ ಬದಲು ಅಂಕಿಗಳನ್ನು ತಂದಿತು. ಅದರ ಬೆಲೆ ಮಾತ್ರ ಸಿರಿವಂತ ಕಲಾವಿದರಿಗಷ್ಟೇ ಎಟುಕುವಂತಿತ್ತು. ಎಂಬತ್ತರ ದಶಕದ ಮಧ್ಯದಲ್ಲಿ ಜಪಾನಿನ ಕ್ಯಾಸಿಯೊ ಸಂಸ್ಥೆ ಎಸ್‌ಕೆ-1 ಎಂಬ ಪುಟ್ಟ ಕೀಲಿಮಣೆಯನ್ನು ಮಾರುಕಟ್ಟೆಗೆ ತಂದಿತು. ಅದು ಹಿಡಿಯುತ್ತಿದ್ದುದು ಕೇವಲ 1.4 ಸೆಕೆಂಡುಗಳ ದನಿ. ಆದರೆ ನಾಯಿಯ ಬೊಗಳುವಿಕೆಯನ್ನೂ ಸರಿಗಮದಲ್ಲಿ ನುಡಿಸಬಹುದೆಂಬ ಬೆರಗನ್ನು ಅದು ಮನೆಮನೆಗೆ ಮುಟ್ಟಿಸಿತು. ಆಟಿಕೆಯ ದನಿ ಹಿಡಿಯುವ ಯಂತ್ರವೇ ಆಟಿಕೆಯಾಗಿದ್ದ ಕಾಲವದು.

ಇನ್ನೆರಡು ಮೆಟ್ಟಿಲುಗಳು ಮುಖ್ಯವಾದವು. 1983ರಲ್ಲಿ ಬಂದ ಮಿಡಿ ಎಂಬ ಒಡಂಬಡಿಕೆ. ಯಾವ ಕೀಲಿ, ಎಷ್ಟು ಬಲದಿಂದ, ಯಾವಾಗ ಒತ್ತಲಾಯಿತು ಎಂಬುದನ್ನು ವಾದ್ಯದಿಂದ ಗಣಕಕ್ಕೆ ತಿಳಿಸುವ ಭಾಷೆಯದು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ರೂಪಿಸಿದ ವಿಎಸ್‌ಟಿ ಎಂಬ ವ್ಯವಸ್ಥೆ ಇನ್ನೊಂದು. ಧ್ವನಿಮುದ್ರಣದ ತಂತ್ರಾಂಶದೊಳಗೆ ಹೊರಗಿನವರು ತಯಾರಿಸಿದ ವಾದ್ಯಗಳನ್ನೂ ಸಿಕ್ಕಿಸುವ ಅವಕಾಶ ಅದರಿಂದ ದೊರೆಯಿತು. ಪ್ಲಗ್‌ಇನ್ ಎಂಬ ಮಾತು ಸಂಗೀತಗಾರರ ಬಾಯಲ್ಲಿ ರೂಢಿಯಾದದ್ದು ಅಲ್ಲಿಂದೀಚೆಗೆ.

ಒಂದು ಪೀಪಿ, ಹನ್ನೆರಡು ದನಿ

ಪೀಪಿಯನ್ನು ಒಮ್ಮೆ ಊದಿ ಮುದ್ರಿಸಿದರೆ ಒಂದು ಸ್ವರ ಸಿಕ್ಕಿತು. ಉಳಿದ ಸ್ವರಗಳು ಎಲ್ಲಿಂದ? ಅದೇ ಮುದ್ರಣವನ್ನು ವೇಗವಾಗಿ ಓಡಿಸಿದರೆ ಶ್ರುತಿ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಪಕ್ಕದ ಕೀಲಿಗೆ ಏರಲು ವೇಗವನ್ನು ಸುಮಾರು ಶೇ 5.95ರಷ್ಟು ಹೆಚ್ಚಿಸಿದರಾಯಿತು. ಇಮ್ಮಡಿ ವೇಗದಲ್ಲಿ ಓಡಿಸಿದರೆ ಪೂರ್ತಿ ಒಂದು ಸ್ಥಾಯಿ ಮೇಲೇರುತ್ತದೆ.

ಇಲ್ಲೊಂದು ತೊಡಕಿದೆ. ವೇಗ ಹೆಚ್ಚಿದಷ್ಟೂ ದನಿಯ ಅವಧಿ ಕುಗ್ಗುತ್ತದೆ. ಮೂರು ಸೆಕೆಂಡಿನ ಸ್ವರ ಒಂದು ಸ್ಥಾಯಿ ಮೇಲೆ ಒಂದೂವರೆ ಸೆಕೆಂಡಿಗೆ ಮುಗಿದುಹೋಗುತ್ತದೆ. ತೀರ ಕೆಳಗಿಳಿಸಿದರೆ ಪೀಪಿ ಎಮ್ಮೆಯಂತೆ ಕೂಗುತ್ತದೆ, ಮೇಲೇರಿಸಿದರೆ ಸೊಳ್ಳೆಯಂತೆ. ಆದ್ದರಿಂದ ಒಂದು ಮುದ್ರಣವನ್ನು ಮೂರು-ನಾಲ್ಕು ಕೀಲಿಗಳಿಗಿಂತ ಹೆಚ್ಚು ಹಿಗ್ಗಿಸದಿರುವುದು ಒಳಿತು. ಬೇರೆಬೇರೆ ಶ್ರುತಿಯ ಪೀಪಿಗಳು ದೊರೆತರೆ ಎಲ್ಲವನ್ನೂ ಮುದ್ರಿಸಿ ಕೀಲಿಮಣೆಯ ಮೇಲೆ ಹಂಚಬೇಕು.

ಎರಡನೆಯ ಸಂಗತಿ ಬಲ. ಮೆಲ್ಲನೆ ಆಡಿಸಿದ ಗಿಲಕಿಗೂ ಜೋರಾಗಿ ಕುಲುಕಿದ ಗಿಲಕಿಗೂ ವ್ಯತ್ಯಾಸವಿರುವುದು ಸದ್ದಿನ ಪ್ರಮಾಣದಲ್ಲಷ್ಟೇ ಅಲ್ಲ, ಗುಣದಲ್ಲಿಯೂ. ಮಿಡಿ ಭಾಷೆ ಕೀಲಿಯ ಒತ್ತನ್ನು 1ರಿಂದ 127ರವರೆಗೆ ಗುರುತಿಸುತ್ತದೆ. ಮೆಲುವಾಗಿ, ಹದವಾಗಿ, ಜೋರಾಗಿ ಎಂಬ ಮೂರು ಪದರಗಳಲ್ಲಿ ಮುದ್ರಿಸಿಟ್ಟರೆ ಒತ್ತಿಗೆ ತಕ್ಕ ಪದರ ನುಡಿಯುತ್ತದೆ.

ಮೂರನೆಯದು ಪುನರಾವರ್ತನೆ. ಮನುಷ್ಯರ ಕೈ ಡಮರನ್ನು ಎರಡು ಬಾರಿ ಒಂದೇ ತೆರನಾಗಿ ಅಲುಗಿಸಲಾರದು. ಗಣಕ ಮಾತ್ರ ಒಂದೇ ಮುದ್ರಣವನ್ನು ಸಾವಿರ ಬಾರಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ನುಡಿಸುತ್ತದೆ. ಕೇಳುಗರಿಗೆ ಅದು ಹೊಲಿಗೆಯಂತ್ರದ ಸದ್ದಿನಂತಾಗುತ್ತದೆ. ಪರಿಹಾರ ಸರಳ: ಪ್ರತಿ ಪದರದಲ್ಲೂ ನಾಲ್ಕು ಮುದ್ರಣ ಮಾಡಿಟ್ಟು, ಅವು ಸರದಿಯಂತೆ ಬರುವ ಹಾಗೆ ಏರ್ಪಡಿಸುವುದು.

ಮೂರು ಪದರ, ನಾಲ್ಕು ಸರದಿ. ಒಟ್ಟು ಹನ್ನೆರಡು ಮುದ್ರಣ. ಹತ್ತು ಆಟಿಕೆಗಳಿಗೆ ನೂರಿಪ್ಪತ್ತು. ಒಂದೊಂದು ಮೂರು ಸೆಕೆಂಡ್ ಎಂದಿಟ್ಟುಕೊಂಡರೆ 360 ಸೆಕೆಂಡ್, ಅಂದರೆ ಆರು ನಿಮಿಷ. ಗಣಕದಲ್ಲಿ ಅದು ಹಿಡಿಯುವ ಸ್ಥಳ ಸುಮಾರು 32 ಎಂ.ಬಿ. ಇಡೀ ಜಾತ್ರೆಯೊಂದರ ಆಟಿಕೆಯ ದನಿ ಮೊಬೈಲ್‌ನ ಮೂಲೆಯಲ್ಲಿ ಯಾರಿಗೂ ತಿಳಿಯದಂತೆ ಕುಳಿತುಕೊಳ್ಳಬಲ್ಲದು!

ಕೌದಿಯೇ ಸ್ಟುಡಿಯೊ

ಮುದ್ರಣಕ್ಕೆ ಜಾತ್ರೆಯ ಬಯಲು ಸೂಕ್ತ ಸ್ಥಳವಲ್ಲ. ಅಲ್ಲಿ ಮುದ್ರಿಸಿದರೆ ಸಿಗುವುದು ಜಾತ್ರೆಯ ನೆನಪು, ಪೀಪಿಯ ದನಿಯಲ್ಲ. ಆಟಿಕೆಯನ್ನು ಕೊಂಡು ಮನೆಗೆ ತಂದು, ನಸುಕಿನ ನಿಶ್ಶಬ್ದದಲ್ಲಿ ಮುದ್ರಿಸಬೇಕು. ಫ್ಯಾನ್ ನಿಲ್ಲಿಸಿರಬೇಕು.

ಶಹಾಬಾದಿ ಕಲ್ಲುಹಾಸಿನ ನೆಲ, ಕಲ್ಲಿನ ಗೋಡೆಗಳಿರುವ ಈ ಭಾಗದ ಮನೆಗಳಲ್ಲಿ ಮಾರ್ದನಿ ಹೆಚ್ಚು. ಅದಕ್ಕೆ ಮದ್ದೂ ಇಲ್ಲಿನ ಮನೆಗಳಲ್ಲೇ ಇದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಗಳನ್ನು ಎರಡು ಬದಿಗೆ ತೂಗುಹಾಕಿ, ಒಂದನ್ನು ನೆಲಕ್ಕೆ ಹಾಸಿದರೆ ದನಿ ಮರುಪುಟಿಯುವುದು ಬಹಳಷ್ಟು ತಗ್ಗುತ್ತದೆ.

ಫೋನನ್ನು ಆಟಿಕೆಯಿಂದ ಒಂದು ಗೇಣು ದೂರದಲ್ಲಿ ಇಡಬೇಕು. ಊದುವ ಆಟಿಕೆಯಾದರೆ ಗಾಳಿ ನೇರವಾಗಿ ಮೈಕಿಗೆ ಬಡಿಯದಂತೆ ಪಕ್ಕಕ್ಕೆ ಸರಿಸಬೇಕು. ಹಿನ್ನೆಲೆಯ ಸದ್ದನ್ನು ತಾನಾಗಿಯೇ ಅಳಿಸುವ ಸೌಲಭ್ಯ ಫೋನಿನಲ್ಲಿದ್ದರೆ ಅದನ್ನು ನಿಲ್ಲಿಸುವುದು ಅಗತ್ಯ. ಗಿಲಕಿಯ ಸದ್ದನ್ನೇ ಅದು ಗದ್ದಲವೆಂದು ಭಾವಿಸಿ ಅಳಿಸಿಬಿಡಬಹುದು. ಕಡತವನ್ನು ಎಂಪಿ3 ಬದಲು ವೇವ್ ರೂಪದಲ್ಲಿ ಉಳಿಸಬೇಕು.

ಹೀಗೆ ದೊರೆತ ಕಡತಗಳನ್ನು ಕತ್ತರಿಸಿ ಹಸನುಗೊಳಿಸಲು 2000ದಿಂದಲೂ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿ ತಂತ್ರಾಂಶ ಸಾಕು. ಕೀಲಿಗಳಿಗೆ ಹೊಂದಿಸಲು ಎಸ್‌ಎಫ್‌ಜಡ್ ಎಂಬ ಸರಳ ವಿಧಾನವಿದೆ. ಅದೊಂದು ಸಾಧಾರಣ ಪಠ್ಯ ಕಡತ. ಯಾವ ದನಿ, ಯಾವ ಕೀಲಿಯಿಂದ ಯಾವ ಕೀಲಿಯವರೆಗೆ, ಅದರ ಮೂಲ ಶ್ರುತಿ ಯಾವುದು, ಎಷ್ಟು ಒತ್ತಿಗೆ ಎಂಬುದನ್ನು ಸಾಲುಸಾಲಾಗಿ ಬರೆದರಾಯಿತು. ಅದನ್ನು ಓದಿ ನುಡಿಸುವ ಸ್ಫೋರ್ಜಾಂಡೊದಂತಹ ಪ್ಲಗ್‌ಇನ್‌ಗಳು ಉಚಿತ. ಡೀಸೆಂಟ್ ಸ್ಯಾಂಪ್ಲರ್ ಎಂಬ ಇನ್ನೊಂದು ಉಚಿತ ಪ್ಲಗ್‌ಇನ್ ತನ್ನದೇ ವಿಧಾನದಲ್ಲಿ ಇದೇ ಕೆಲಸ ಮಾಡುತ್ತದೆ.

ಶ್ರುತಿ ತಿದ್ದಬೇಕೆ?

ಇಲ್ಲಿ ರುಚಿಯ ಪ್ರಶ್ನೆಯೊಂದು ಏಳುತ್ತದೆ. ಗಣಕದ ಕೀಲಿಮಣೆ ಒಂದು ಸ್ಥಾಯಿಯನ್ನು ಹನ್ನೆರಡು ಸಮಪಾಲುಗಳಾಗಿ ಹಂಚಿದೆ. ಜಾತ್ರೆಯ ಪೀಪಿಗೆ ಆ ಹಂಚಿಕೆಯ ಹಂಗಿಲ್ಲ. ಅದರ ಸ್ವರ ಎರಡು ಕೀಲಿಗಳ ನಡುವೆ ಎಲ್ಲಿಯೋ ಬಿದ್ದಿರುತ್ತದೆ.

ಹಿಂದೂಸ್ತಾನಿ ಸಂಗೀತದ ಗಾಳಿಯಲ್ಲಿ ಬೆಳೆದ ಈ ಭಾಗದ ಕಿವಿಗೆ ಸಮಪಾಲಿನ ಶ್ರುತಿಯೇ ಪೂರ್ತಿ ಒಪ್ಪಿಗೆಯಾದುದಲ್ಲ. ತಂಬೂರಿಯ ನಾದದಲ್ಲಿ ತಾನಾಗಿ ಕೇಳಿಬರುವ ಶುದ್ಧ ಗಾಂಧಾರ ಷಡ್ಜದಿಂದ ಸುಮಾರು 386 ಸೆಂಟ್ ಎತ್ತರದಲ್ಲಿದ್ದರೆ, ಕೀಲಿಮಣೆಯ ಗಾಂಧಾರ 400 ಸೆಂಟ್‌ನಲ್ಲಿದೆ. ಪ್ಲಗ್‌ಇನ್‌ಗಳಲ್ಲಿ ಪ್ರತಿ ಸ್ವರವನ್ನೂ ಸೆಂಟ್ ಲೆಕ್ಕದಲ್ಲಿ ಏರಿಳಿಸಲು ಸಾಧ್ಯವಿರುವುದರಿಂದ ಈ ಕೊರತೆಯನ್ನು ನೀಗಿಸಿಕೊಳ್ಳಬಹುದು.

ಆದರೆ ತಿದ್ದುವುದಕ್ಕೂ ಒಂದು ಮಿತಿ ಬೇಕು. ಪೀಪಿಯ ಶ್ರುತಿಯನ್ನು ಪೂರ್ತಿ ಸರಿಪಡಿಸಿ, ಗಾಳಿಯ ಸದ್ದನ್ನು ಸೋಸಿ, ನಡುಕವನ್ನು ನಿಲ್ಲಿಸಿದರೆ ಕೊನೆಗೆ ಉಳಿಯುವುದು ಯಾವ ಊರಿನದೂ ಅಲ್ಲದ ದನಿ. ಮೂಲ ಮುದ್ರಣವನ್ನು ಮುಟ್ಟದೆ ಕಾಪಿಟ್ಟು, ತಿದ್ದುಪಡಿಯನ್ನು ಪ್ರತಿಯ ಮೇಲಷ್ಟೇ ಮಾಡುವುದು ಜಾಣತನ. ಹಾಡಿಗೆ ಬೇಕಾದುದು ಒಂದಾದರೆ, ದಾಖಲೆಗೆ ಬೇಕಾದುದು ಇನ್ನೊಂದು.

ದನಿ ಉಳಿದರೆ ಕಸುಬು ಉಳಿಯುವುದೇ?

ಹೀಗೆ ಕಟ್ಟಿದ ವಾದ್ಯದ ಉಪಯೋಗ ಹಲವು. ಸರ್ಕಾರಿ ಶಾಲೆಗಳ ನಲಿ-ಕಲಿ ತರಗತಿಗಳಲ್ಲಿ ಕಲಿಕೆ ಸಾಗುವುದೇ ಹಾಡು-ಆಟಗಳ ಮೂಲಕ. ಆ ಹಾಡಿಗೆ ಎಲ್ಲಿಯದೋ ಸಂಗೀತ ಪೆಟ್ಟಿಗೆಯ ಬದಲು ತಮ್ಮೂರ ಜಾತ್ರೆಯ ಗಿಲಕಿಯ ಹಿನ್ನೆಲೆ ಇದ್ದರೆ ಮಗುವಿಗೆ ಅದರ ಗುರುತು ಹತ್ತುತ್ತದೆ. ನಾಟಕ, ಕಿರುಚಿತ್ರ, ಜಾಹೀರಾತುಗಳಿಗೂ ಈ ದನಿಗಳು ಒದಗಿಬರುತ್ತವೆ.

ಹಾಗೆಂದು ದನಿ ಉಳಿದ ಮಾತ್ರಕ್ಕೆ ಕಸುಬು ಉಳಿದಂತಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿಗಾಗಲಿ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾಗಲಿ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಜಾತ್ರೆಯಿಂದ ಜಾತ್ರೆಗೆ ನಡೆಯುವ ಪೀಪಿಯವರಿಗೆ ಅಂತಹ ಆಸರೆಯಿಲ್ಲ. 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ಕೇಂದ್ರದ ಕರಕುಶಲ ವಿಭಾಗದಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ ನಿಯಮ ಸರಿಯಾದುದೇ. ಆದರೆ ನೋಂದಣಿಯ ಹೆಸರನ್ನೇ ಕೇಳದ ತಯಾರಕರು ವಿನಾಯಿತಿಯ ಹೊರಗೆ ಉಳಿಯುತ್ತಾರೆ ಎಂಬುದನ್ನು ಮರೆಯುವಂತಿಲ್ಲ.

ಕಾನೂನಿನ ಇನ್ನೊಂದು ಮಗ್ಗುಲೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ನಂತರ 60 ವರ್ಷಗಳವರೆಗೆ ಇರುತ್ತದೆ. ಆ ಹಕ್ಕು ಮುದ್ರಿಸಿದವರದು, ಪೀಪಿ ತಯಾರಿಸಿದವರದಲ್ಲ. ಮಾರಾಟದ ಸಂಗ್ರಹಗಳನ್ನು ಕೊಂಡವರು ಅವುಗಳಿಂದ ಹಾಡು ಕಟ್ಟಬಹುದೇ ಹೊರತು, ಬಿಡಿ ದನಿಗಳನ್ನು ತಮ್ಮದೆಂದು ಮರುಮಾರಾಟ ಮಾಡುವಂತಿಲ್ಲ ಎಂಬುದು ಸಾಮಾನ್ಯ ಕರಾರು. ಹೀಗಿರುವಾಗ ನಾಳೆ ಹೊರಗಿನವರು ಬಂದು ತಿಂಥಣಿಯ ಪೀಪಿಯನ್ನು ಮುದ್ರಿಸಿ ಮಾರಿದರೆ, ಆ ದನಿಯನ್ನು ತಮ್ಮ ಹಾಡಿಗೆ ಬಳಸಲು ಇಲ್ಲಿಯವರೇ ಹಣ ತೆರಬೇಕಾದೀತು.

ಆದ್ದರಿಂದ ಮುದ್ರಿಸುವವರು ಪಾಲಿಸಬೇಕಾದ ಮರ್ಯಾದೆಗಳು ಕೆಲವಿವೆ. ಆಟಿಕೆಯನ್ನು ಚೌಕಾಸಿಯಿಲ್ಲದೆ ಕೊಳ್ಳುವುದು. ದನಿ ಮುದ್ರಿಸುವ ಉದ್ದೇಶವನ್ನು ಮಾರುವವರಿಗೆ ತಿಳಿಸುವುದು. ಯಾವ ಜಾತ್ರೆ, ಯಾವ ದಿನ, ಯಾವ ವಸ್ತುವಿನಿಂದ ಮಾಡಿದ್ದು, ಒಪ್ಪಿದರೆ ತಯಾರಿಸಿದವರ ಹೆಸರು, ಇಷ್ಟನ್ನೂ ಕಡತದೊಂದಿಗೆ ಬರೆದಿಡುವುದು. ಸಂಗ್ರಹದಿಂದ ಹಣ ಬಂದರೆ ಅದರಲ್ಲಿ ಅವರಿಗೂ ಪಾಲು ಕೊಡುವುದು. ಹೀಗೆ ಮಾಡಬೇಕೆಂದು ಯಾವ ಪ್ಲಗ್‌ಇನ್ನೂ ಕೇಳುವುದಿಲ್ಲ. ಕೇಳಿಕೊಳ್ಳಬೇಕಾದವರು ಬಳಸುವವರೇ.

ಮಣ್ಣಿನ ಸೀಟಿಯ ಜಾಗಕ್ಕೆ ಪ್ಲಾಸ್ಟಿಕ್ ಬಂದಿದೆ. ತಗಡಿನ ತುತ್ತೂರಿಯ ಜಾಗಕ್ಕೆ ಬ್ಯಾಟರಿಯ ಆಟಿಕೆ ಬಂದಿದೆ. ಅದರ ಹೊಟ್ಟೆಯೊಳಗಿರುವುದೂ ಎಲ್ಲಿಯೋ ಮುದ್ರಿಸಿ ತುಂಬಿದ ದನಿಯೇ. ಕಸ್ತೂರಿಯ ತುತ್ತೂರಿ ನೀರಿಗೆ ಬಿದ್ದಾಗ ಅದರ ಸ್ವರವನ್ನು ಉಳಿಸಿಕೊಳ್ಳುವ ದಾರಿ ಅವನಿಗಿರಲಿಲ್ಲ. ಇಂದಿನ ಮಕ್ಕಳ ಮನೆಯಲ್ಲಿ ಫೋನ್ ಇದೆ. ಮುಂದಿನ ಸಂಕ್ರಮಣಕ್ಕೆ ಮೈಲಾಪುರದಿಂದ ಬರುವ ಪೀಪಿಯನ್ನು ಮೂರನೆಯ ದಿನಕ್ಕೆ ಮೊದಲು, ಕೌದಿಯ ಮರೆಯಲ್ಲಿ ಹನ್ನೆರಡು ಬಾರಿ ಊದಿಟ್ಟುಕೊಂಡರೆ ಸಾಕು.